ಸಂಭಾವನೆಯಲ್ಲ, ಮಜೂರಿ

ಬನಹಟ್ಟಿಯ ಕೂಲಿ ನೇಕಾರನನ್ನು ‘ಹವ್ಯಾಸಿ ನೇಕಾರ’ ಎಂದು ಕರೆದವರುಂಟೇ? ಮುಧೋಳದ ಕಬ್ಬಿನ ರೈತನನ್ನು ‘ಹವ್ಯಾಸಿ ರೈತ’ ಎಂದವರುಂಟೇ? ಆದರೆ ಯಾವ ಪತ್ರಿಕೆಯ ನೌಕರಿಯಲ್ಲೂ ಇಲ್ಲದೆ, ಬರೆದುದನ್ನೇ ಮಾರಿ ಬದುಕಲು ಹೊರಟವನಿಗೆ ಕನ್ನಡದಲ್ಲಿ ರೂಢಿಯಾಗಿರುವ ಹೆಸರು ‘ಹವ್ಯಾಸಿ ಬರಹಗಾರ’. ಹವ್ಯಾಸವೆಂದರೆ ಹೊತ್ತು ಹೋಗದಿದ್ದಾಗ ಮಾಡುವ ಕೆಲಸ. ಅದಕ್ಕೆ ಕೂಲಿ ಕೇಳುವುದೆಂತು? ಹೆಸರಿಡುವಾಗಲೇ ನಮ್ಮ ಲೆಕ್ಕ ಚುಕ್ತಾ ಆಗಿಹೋಗಿದೆ.

ಇನ್ನು, ಕೊಡುವ ಹಣಕ್ಕೆ ಇಟ್ಟ ಹೆಸರು ‘ಗೌರವ ಸಂಭಾವನೆ’. ಸಂಭಾವನೆ ಪುರೋಹಿತರಿಗೆ ಸಲ್ಲುವಂಥದು. ತಾಂಬೂಲದೊಳಗೆ ಎಷ್ಟಿದೆ ಎಂದು ಅಲ್ಲಿಯೇ ಎಣಿಸುವುದು ಸಭ್ಯತೆಯಲ್ಲ. ಈಗೀಗ ಪುರೋಹಿತರೂ ಮೊದಲೇ ಮಾತಾಡಿಕೊಂಡು ಬರುತ್ತಾರೆ. ಹಳೆಯ ಸಂಕೋಚವನ್ನು ಉಳಿಸಿಕೊಂಡವರು ನಾವು ಮಾತ್ರ. ಮಜೂರಿಯ ಮಾತೇ ಬೇರೆ. ಅದಕ್ಕೆ ದರವಿದೆ, ದಿನವಿದೆ, ಕೇಳುವ ಹಕ್ಕಿದೆ.

ಈ ಕಸುಬಿನಲ್ಲಿ ಸುಗ್ಗಿ ಇಲ್ಲವೆಂದಲ್ಲ. ಯುಗಾದಿ, ರಾಜ್ಯೋತ್ಸವ, ದೀಪಾವಳಿ ವಿಶೇಷಾಂಕಗಳ ಕಾಲಕ್ಕೆ ನಾಲ್ಕೂ ಕಡೆಯಿಂದ ಕರೆ ಬರುತ್ತದೆ: ‘ನಾಳೆ ಸಂಜೆಯೊಳಗೆ ಸಾವಿರ ಶಬ್ದ ಬೇಕು.’ ಲೇಖನಕ್ಕೆ ಗಡುವುಂಟು, ಹಣಕ್ಕಿಲ್ಲ. ಹಬ್ಬ ಮುಗಿಯಿತೆಂದರೆ ಬರಗಾಲ. ಜಮಖಂಡಿಯಿಂದ ನಾನು ಕಳಿಸಿದ ಲೇಖನವೊಂದು ಎರಡನೆಯ ವಾರಕ್ಕೇ ಅಚ್ಚಾಯಿತು. ಹಣ ಬಂದದ್ದು ಹನ್ನೊಂದು ತಿಂಗಳ ಮೇಲೆ, ಅದೂ ಮೂರು ಪತ್ರ ಬರೆದ ನಂತರ. ಇನ್ನೊಂದು ಲೇಖನ ಸ್ವೀಕೃತವೋ ತಿರಸ್ಕೃತವೋ ಇಂದಿಗೂ ತಿಳಿಯದು. ತಿಳಿಯದೆ ಬೇರೆಡೆಗೆ ಕಳಿಸುವಂತೆಯೂ ಇಲ್ಲ.

ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ವಿಧಿಸಿತು. ಅದು ಚಾಚೂ ತಪ್ಪದೆ ನಡೆಯಿತೆಂದಲ್ಲ. ಬಾಕಿಗಾಗಿ ರೈತರು ಬೀದಿಗಿಳಿದದ್ದನ್ನು ಈ ಸೀಮೆಯವರೆಲ್ಲ ಕಂಡಿದ್ದಾರೆ. ಆದರೆ ಬೀದಿಗಿಳಿಯಲು ಕೈಯಲ್ಲೊಂದು ಕಾಯಿದೆಯಾದರೂ ಇತ್ತು. ರಬಕವಿ-ಬನಹಟ್ಟಿಯ ನೇಕಾರನ ಬದುಕೂ ಹೂವಿನ ಹಾಸಿಗೆಯಲ್ಲ. ಮಾಲಕರಿಂದ ನೂಲು ತಂದು, ನೇಯ್ದು, ಸೀರೆಗಿಷ್ಟೆಂದು ಎಣಿಸಿಕೊಳ್ಳುತ್ತಾನೆ. ದರ ಕಡಿಮೆಯಾದರೂ ಅದು ಇಷ್ಟೆಂದು ಅವನಿಗೆ ಗೊತ್ತು. ಗೊತ್ತಿರುವುದರಿಂದಲೇ ಹೆಚ್ಚಿಸಿರೆಂದು ಮಗ್ಗ ನಿಲ್ಲಿಸಿ ಕುಳಿತದ್ದೂ ಉಂಟು. ದರವೇ ತಿಳಿಯದವನು ಏನನ್ನು ಹೆಚ್ಚಿಸಿರೆಂದಾನು?

‘ಸಾಹಿತ್ಯ ಸರಸ್ವತಿಯ ಸೇವೆ, ಅಲ್ಲಿ ರೊಕ್ಕದ ಮಾತೇಕೆ?’ ಎನ್ನುವ ಹಿರಿಯರುಂಟು. ಅವರು ನಮ್ಮ ಸೀಮೆಯ ಮೂವರನ್ನು ನೆನೆಯಲಿ. ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನಿಗೆ ಅರಸು ತೈಲಪನ ಆಸರೆಯಿತ್ತು. 993ರ ‘ಅಜಿತಪುರಾಣ’ಕ್ಕೆ ಅತ್ತಿಮಬ್ಬೆಯ ಆಶ್ರಯವಿತ್ತು. ಬೀಳಗಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳನ್ನು ಮನೆಮನೆಯಲ್ಲಿ ಓದಿದರು. ‘ಕುಲವಧು’ 1963ರಲ್ಲಿ ಚಲನಚಿತ್ರವೂ ಆಯಿತು. ಅಂಥವರೂ ಗೋಕಾಕದಲ್ಲಿ ಶಾಲಾ ಮಾಸ್ತರರಾಗಿ ದುಡಿದರು. ಗಲಗಲಿಯ ಸತ್ಯಕಾಮರು ಜಮಖಂಡಿಯ ಬಳಿ ಕಲ್ಲಹಳ್ಳಿಯಲ್ಲಿ ಭೂಮಿ ಮಾಡಿದರು. ಒಬ್ಬರಿಗೆ ಅರಮನೆ, ಒಬ್ಬರಿಗೆ ಪಗಾರ, ಒಬ್ಬರಿಗೆ ಹೊಲ. ಸರಸ್ವತಿಯ ಸೇವೆಗೆ ಎಣ್ಣೆ-ಬತ್ತಿ ಬೇರೆ ಕಡೆಯಿಂದ ಬರುತ್ತಿತ್ತು.

ಹಾಗಾದರೆ ಅರಮನೆ, ಪಗಾರ, ಹೊಲ ಈ ಮೂರೂ ಇಲ್ಲದವನು ಬರೆಯಬಾರದೇ? ಮಗ್ಗದ ಮನೆಯ ಹುಡುಗಿಗೆ ಹೇಳುವ ಮಾತಿಲ್ಲವೇ? ಪುಕ್ಕಟೆ ಬರೆಯಬಲ್ಲವರಷ್ಟೇ ಬರೆದರೆ ಕನ್ನಡ ಓದುಗನಿಗೆ ಸಿಗುವುದು ಉಂಡವರ ಕಥೆ ಮಾತ್ರ. ನನ್ನ ಚಿಂತೆ ನನ್ನ ಜೇಬಿನದಷ್ಟೇ ಅಲ್ಲ.

ಪತ್ರಿಕೆಗಳ ಕಷ್ಟ ನಾನರಿಯದ್ದಲ್ಲ. ಕಾಗದ ತುಟ್ಟಿ, ಜಾಹೀರಾತು ಅಂತರ್ಜಾಲದ ಪಾಲಾಗುತ್ತಿದೆ. ಆದರೂ ಕಾಗದದವನಿಗೆ, ವಿದ್ಯುತ್ತಿಗೆ, ಸಾಗಾಟದ ಗಾಡಿಗೆ ‘ಗೌರವ’ವೆಂದು ಹೇಳಿ ಸುಮ್ಮನಾಗುವವರಾರು? ಕಾಯಬಲ್ಲವನು ಲೇಖಕನೊಬ್ಬನೇ ಎಂಬುದು ಯಾವ ನ್ಯಾಯ? ನಷ್ಟದಲ್ಲೇ ನಡೆಯುವ ಸಣ್ಣ ಸಾಹಿತ್ಯ ಪತ್ರಿಕೆಗಳ ಮಾತು ಬೇರೆ. ‘ನಮ್ಮಿಂದ ಕೊಡಲಾಗದು’ ಎಂದು ಅವು ಮೊದಲೇ ತಿಳಿಸಲಿ. ಅದೂ ಪ್ರಾಮಾಣಿಕತೆಯೇ.

ಲೇಖಕರೂ ಅರಿಯಬೇಕಾದುದೊಂದಿದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ನೌಕರನಲ್ಲದವನು ಬರೆದುದರ ಹಕ್ಕು ಅವನದೇ. ಲಿಖಿತವಾಗಿ ಒಪ್ಪಿಸದೆ ಅದು ಕೈ ಬದಲಾಗದು. ಓದದೆ ಸಹಿ ಹಾಕುವ ಚಟ ನಾವು ಬಿಡಬೇಕು.

ನನ್ನ ಬೇಡಿಕೆ ಮೂರೇ. ಪ್ರತಿಯೊಂದು ಪುರವಣಿಯೂ, ಇದೂ ಸೇರಿ, ತನ್ನ ದರವನ್ನು ಅಚ್ಚು ಹಾಕಿ ಹೇಳಲಿ. ಲೇಖನ ಬೇಕೋ ಬೇಡವೋ ಎಂದು ತಿಂಗಳೊಳಗೆ ತಿಳಿಸಲಿ. ಅಚ್ಚಾದ ಮೂವತ್ತು ದಿನಗಳೊಳಗೆ ಹಣ ಕೊಡಲಿ. ಗೌರವವನ್ನು ಓದುಗರು ಕೊಡುತ್ತಾರೆ. ಪತ್ರಿಕೆಯವರು ಮಜೂರಿ ಕೊಟ್ಟರೆ ಸಾಕು.