ಕೋಳಿ ಲೆಕ್ಕಕ್ಕಿಲ್ಲವೇ?

ಮುಂಬಯಿಯ ಕುರ್ಲಾದಲ್ಲಿ ಹೋಟೆಲ್ ಇಟ್ಟು, ಕೋರಿ ರೊಟ್ಟಿ, ಸುಕ್ಕ ಮಾರಿಯೇ ಮಕ್ಕಳನ್ನು ಓದಿಸಿದವನು ನಾನು. ಮಾಂಸ ಬಿಡಿ ಎಂದು ಉಪದೇಶಿಸುವ ಬಾಯಿ ನನ್ನದಲ್ಲ. ಆದರೆ ಪ್ರಾಣಿವಧೆ ಎಂದೊಡನೆ ನಮ್ಮಲ್ಲಿ ಜಗಳವೆಲ್ಲ ದನದ ಸುತ್ತ. ಕತ್ತಿ ಹೆಚ್ಚು ಬೀಳುವುದು ಮಾತ್ರ ಕೋಳಿಯ ಕುತ್ತಿಗೆಗೆ.

ದೊಡ್ಡ ಪ್ರಾಣಿಗೆ ಈ ಊರಿನಲ್ಲಿ ಜಾಗವಿದೆ, ಕಾನೂನಿದೆ. ಬಾಂದ್ರಾ, ಕುರ್ಲಾದ ಹಳೆಯ ಕಸಾಯಿಖಾನೆಗಳ ಕೆಲಸ 1971ರಲ್ಲಿ ದೇವನಾರ್‌ಗೆ ಹೋಯಿತು. ಮಹಾರಾಷ್ಟ್ರದ 1976ರ ಕಾಯ್ದೆ ಗೋಹತ್ಯೆ ನಿಷೇಧಿಸಿತು. 2015ರಲ್ಲಿ ಎತ್ತು, ಹೋರಿಗಳೂ ಅದರೊಳಗೆ ಬಂದವು. ಕೋಳಿಯ ಕಥೆ ಗಲ್ಲಿಯ ಅಂಗಡಿಯಲ್ಲೇ ಮುಗಿಯುತ್ತದೆ. ಬೆಳಗಿನ ಜಾವ ಟೆಂಪೊದಿಂದ ಕ್ರೇಟುಗಳು ಇಳಿಯುತ್ತವೆ. ಕಾಲು ಕಟ್ಟಿ ತಲೆಕೆಳಗಾಗಿ ಬೈಕಿಗೆ ನೇತುಹಾಕಿ ಒಯ್ಯುವುದೂ ಉಂಟು. ಕತ್ತು ಕೊಯ್ದು ಡ್ರಮ್ಮಿಗೆ ಎಸೆದ ಕೋಳಿ ಒಳಗೆ ಬಡಿದುಕೊಳ್ಳುತ್ತಿರುವಾಗಲೇ ಮುಂದಿನದರ ಸರದಿ.

2022-23ರಲ್ಲಿ ಭಾರತದ ಮಾಂಸೋತ್ಪಾದನೆ ಸುಮಾರು 98 ಲಕ್ಷ ಟನ್. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕೋಳಿಯದೇ. ಒಂದಕ್ಕೆ ಒಂದೂವರೆ ಕಿಲೋ ಮಾಂಸವೆಂದು ಹಿಡಿದರೂ 300 ಕೋಟಿ ಜೀವ ದಾಟುತ್ತದೆ. ಒಂದು ಎಮ್ಮೆಯಿಂದ 120 ಕಿಲೋ ಸಿಕ್ಕರೆ, ಅಷ್ಟೇ ಮಾಂಸಕ್ಕೆ 80 ಕೋಳಿ ಬೇಕು. ನಾವು ಕಿಲೋ ಎಣಿಸುತ್ತೇವೆ, ತಲೆ ಎಣಿಸುವುದಿಲ್ಲ.

ದನ ಬಿಟ್ಟು ಕೋಳಿಗೆ ಹೊರಳುವ ಈ ದಾರಿಯಲ್ಲಿ ಅಮೆರಿಕ ನಮಗಿಂತ ಬಹಳ ಮುಂದೆ ಹೋಗಿದೆ. 1975ರಲ್ಲಿ ಅಲ್ಲಿ ನಾಲ್ಕು ಕೋಟಿಗೂ ಹೆಚ್ಚು ದನ ಕಡಿದರು. ಈಗ ಅದು ಸುಮಾರು ಮೂರು ಕೋಟಿಗೆ ಇಳಿದಿದೆ. ಒಂದೊಂದು ದನದ ತೂಕ ಹೆಚ್ಚಿದ್ದರಿಂದ ಮಾಂಸವೇನೂ ಕಡಿಮೆಯಾಗಿಲ್ಲ. ಅದೇ ಅವಧಿಯಲ್ಲಿ ಬ್ರಾಯ್ಲರ್ ಕೋಳಿ ಸುಮಾರು 300 ಕೋಟಿಯಿಂದ 900 ಕೋಟಿ ದಾಟಿತು. ಅಲ್ಲಿ ಆರೋಗ್ಯದ ಚಿಂತೆ, ಇಲ್ಲಿ ಧರ್ಮ ಮತ್ತು ಕಾನೂನು, ಎರಡೂ ಕಡೆ ಅಗ್ಗದ ಬೆಲೆ. ಆರು ವಾರದಲ್ಲಿ ಕೈಗೆ ಬರುವ ಹಕ್ಕಿಯ ಮುಂದೆ ಕುರಿ ಹೇಗೆ ನಿಂತೀತು?

ಎರಡೂ ದೇಶಗಳ ಕಣ್ಣು ತಪ್ಪಿದ್ದೂ ಒಂದೇ ಕಡೆ. ಪ್ರಾಣಿಗಳನ್ನು ನೋವಿಲ್ಲದೆ ಕೊಲ್ಲಬೇಕೆಂಬ ಅಮೆರಿಕದ 1958ರ ಕಾಯ್ದೆ ಕೋಳಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ 2023ರಲ್ಲಿ ಕೋಳಿ ಪ್ರಾಣಿಯೋ ಅಲ್ಲವೋ ಎಂಬ ಪ್ರಶ್ನೆ ಗುಜರಾತ್ ಹೈಕೋರ್ಟಿನ ಮುಂದೆ ಬಂತು. ಪ್ರಾಣಿಯೇ ಎಂದು ಸರ್ಕಾರಿ ವಕೀಲರು ಹೇಳಬೇಕಾಯಿತು!

ಊರಲ್ಲಿ ನೆಂಟರು ಬಂದರೆ ಅಂಗಳದ ಒಂದು ಕೋಳಿ ಹೋಗುತ್ತಿತ್ತು. ಈಗ ನನ್ನ ಅಡುಗೆಮನೆಗೆ ದಿನಾ ಚೀಲಗಟ್ಟಲೆ ಬರುತ್ತದೆ. ಆದ್ದರಿಂದ ಕೇಳುವ ಹಕ್ಕು ನನಗೂ ಇದೆ: ಕ್ರೇಟಿಗೆ ಎಷ್ಟು ಕೋಳಿ ಎಂಬ ಮಿತಿ ನಿಜಕ್ಕೂ ಜಾರಿಯಾಗಲಿ. ಕಾಲು ಕಟ್ಟಿ ನೇತುಹಾಕುವವರಿಗೆ ದಂಡ ಬೀಳಲಿ. ಜೀವ ಹೋಗುವ ಮುನ್ನ ಡ್ರಮ್ಮಿಗೆ ಎಸೆಯಬಾರದು ಎಂಬುದು ಅಂಗಡಿಯ ಲೈಸೆನ್ಸಿನ ಷರತ್ತಾಗಲಿ. ಪಾಲಿಕೆಯ ಪಶುವೈದ್ಯರು ಗಲ್ಲಿಗೂ ಬರಲಿ. ಇದರಿಂದ ಕಿಲೋಗೆ ನಾಲ್ಕು ರೂಪಾಯಿ ಏರಿದರೆ ಕೊಡಲು ನಾನು ತಯಾರು. ಅದನ್ನು ಬಿಲ್ಲಿಗೆ ಸೇರಿಸಿದರೆ ಗಿರಾಕಿಯೂ ತಕರಾರು ಮಾಡಬಾರದು.