ಶಿವಮೊಗ್ಗ ವಿಮಾನಕ್ಕೆ ಜಯನಗರದ ಲೆಕ್ಕ

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 238 ಕಿ.ಮೀ. ಈ ಮಾರ್ಗದಲ್ಲಿ ಮೊದಲ ಪ್ರಯಾಣಿಕ ವಿಮಾನ ಹಾರಿದ್ದು 2023ರ ಆಗಸ್ಟ್ 31ರಂದು. ಅದು ಪ್ರೊಪೆಲ್ಲರ್ ಇರುವ ಎಟಿಆರ್. ಮೇಲೇರಿದ ಮೇಲೆ ಗಂಟೆಗೆ 500 ಕಿ.ಮೀ. ಆಸುಪಾಸಿನ ವೇಗ. ಭಾಗಾಕಾರ ಮಾಡಿದರೆ ಅರ್ಧ ಗಂಟೆಯೊಳಗೆ ತಲುಪಬೇಕು. ಟಿಕೆಟ್ ಮಾತ್ರ ಒಂದು ಗಂಟೆಗೂ ಮೀರಿ ತೋರಿಸುತ್ತದೆ.

ಇದರಲ್ಲಿ ಮೋಸವೇನಿಲ್ಲ. ಟಿಕೆಟ್‌ನ ಸಮಯ ಬರೀ ಹಾರಾಟದ್ದಲ್ಲ. ನಿಂತ ಜಾಗದಿಂದ ವಿಮಾನ ಕದಲಿದ ಗಳಿಗೆಯಿಂದ ಅಲ್ಲಿ ಹೋಗಿ ನಿಲ್ಲುವವರೆಗಿನದು. ರನ್‌ವೇವರೆಗೆ ತೆವಳುವುದು, ಸರದಿ ಕಾಯುವುದು ಎಲ್ಲ ಅದರಲ್ಲೇ ಸೇರಿದೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಇರುವಾಗ ಶಿವಮೊಗ್ಗದ ಕಡೆಗೇ ಏರಬಹುದು. ಚಳಿಗಾಲದ ಮೂಡಗಾಳಿಗೆ ಮೊದಲು ಪೂರ್ವಕ್ಕೆ ಹಾರಿ, ಆಮೇಲೆ ತಿರುಗಿಕೊಳ್ಳಬೇಕು. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ದಿಲ್ಲಿಯಂಥ ದೂರದ ಹಾರಾಟದಲ್ಲಿ ಈ ಖರ್ಚು ಕರಗಿಹೋಗುತ್ತದೆ, ಶಿವಮೊಗ್ಗದಂಥ ಹತ್ತಿರದ್ದರಲ್ಲಿ ಅದೇ ದೊಡ್ಡದು. ಜೊತೆಗೆ, ಸ್ವಲ್ಪ ತಡವಾದರೂ ಸಮಯಕ್ಕೆ ಬಂತು ಎನಿಸಿಕೊಳ್ಳಲು ಕಂಪನಿಗಳು ನಾಲ್ಕಾರು ನಿಮಿಷ ಸೇರಿಸಿಯೇ ಇಟ್ಟಿರುತ್ತವೆ.

ಈಗ ಜಯನಗರದವರ ಲೆಕ್ಕಕ್ಕೆ ಬರೋಣ. ನಾಲ್ಕನೇ ಬ್ಲಾಕಿನಿಂದ ಸೋಗಾನೆಗೆ ನೇರ ಗೆರೆ ಎಳೆದು ನೋಡಿ. ಅದೂ ಸುಮಾರು 237 ಕಿ.ಮೀ.! ಅಂದರೆ ಹೆಬ್ಬಾಳದ ಮೇಲ್ಸೇತುವೆ ದಾಟಿ, ಒಟ್ಟು 40 ಕಿ.ಮೀ. ಚಿಲ್ಲರೆ ಹೋಗಿ ನಿಲ್ದಾಣ ತಲುಪಿದರೂ ಶಿವಮೊಗ್ಗಕ್ಕೆ ಒಂದು ಕಿಲೋಮೀಟರೂ ಹತ್ತಿರವಾಗಿರುವುದಿಲ್ಲ. ಮಂಗಳೂರಿಗಾದರೆ ಹತ್ತು-ಹದಿನೈದು ಕಿ.ಮೀ. ಹಿಂದಕ್ಕೇ ಹೋದಂತೆ. ಬನಶಂಕರಿಯಿಂದ ವಾಯು ವಜ್ರ ಬಸ್ ಹತ್ತಿದರೆ ದಟ್ಟಣೆಯ ಹೊತ್ತಿನಲ್ಲಿ ಎರಡು ಗಂಟೆ ಹಿಡಿಯಿರಿ. ತಪಾಸಣೆಗೆಂದು ಒಂದೂವರೆ ಗಂಟೆ ಮುಂಚೆ ಇರಬೇಕು. ಹಾರಾಟಕ್ಕೆ ಒಂದೂಕಾಲು, ಇಳಿದು ಸೋಗಾನೆಯಿಂದ ಊರೊಳಕ್ಕೆ ಮುಕ್ಕಾಲು ಗಂಟೆ. ಒಟ್ಟು ಐದೂವರೆ ಗಂಟೆ. ಹಸಿರು ಮಾರ್ಗದ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಜನಶತಾಬ್ದಿ ಹಿಡಿದರೂ ಹೆಚ್ಚುಕಡಿಮೆ ಇಷ್ಟೇ, ಖರ್ಚು ಮಾತ್ರ ತೀರಾ ಕಡಿಮೆ.

2008ರ ಮೇ ತಿಂಗಳವರೆಗೆ ಎಚ್‌ಎಎಲ್ ನಿಲ್ದಾಣವಿದ್ದಾಗ ಈ ತಾಪತ್ರಯವಿರಲಿಲ್ಲ. ಕನಕಪುರ ರಸ್ತೆಯಲ್ಲಿ ಎರಡನೇ ನಿಲ್ದಾಣದ ಮಾತು ಕೇಳಿ ಜೆ.ಪಿ. ನಗರದವರು ಹಿಗ್ಗುವುದು ಅದಕ್ಕೇ. ಆದರೆ ದೇವನಹಳ್ಳಿ ನಿಲ್ದಾಣದವರ ಜೊತೆಗಿನ ಒಪ್ಪಂದದಲ್ಲಿ ಒಂದು ಷರತ್ತಿದೆ: ಮೈಸೂರು, ಹಾಸನ ಬಿಟ್ಟು 150 ಕಿ.ಮೀ. ವೈಮಾನಿಕ ದೂರದೊಳಗೆ 2033ರವರೆಗೆ ಇನ್ನೊಂದು ನಿಲ್ದಾಣ ಕೂಡದು. ಅಲ್ಲಿಯೂ ಅಳತೆ ನೇರ ಗೆರೆಯದೇ. ಸಿಲ್ಕ್ ಬೋರ್ಡಿನಿಂದ ನಿಲ್ದಾಣಕ್ಕೆ ಕಟ್ಟುತ್ತಿರುವ ನೀಲಿ ಮಾರ್ಗದ ಮೆಟ್ರೋ ಪೂರ್ತಿಯಾದರೆ ಬಿಟಿಎಂ ಕಡೆಯವರ ಲೆಕ್ಕವಾದರೂ ಬದಲಾಗಬಹುದು.

ಅಲ್ಲಿಯವರೆಗೆ ನನ್ನ ತೀರ್ಪು ಇಷ್ಟು: ರಸ್ತೆಯಲ್ಲಿ ಆರು ಗಂಟೆಯೊಳಗೆ ಮುಟ್ಟುವ ಊರಿಗೆ ದಕ್ಷಿಣ ಬೆಂಗಳೂರಿನವರಿಗೆ ವಿಮಾನ ಲಾಭವಲ್ಲ. ರೈಲೋ ಬಸ್ಸೋ ಹಿಡಿಯಿರಿ. 500 ಕಿ.ಮೀ. ದಾರಿಯ ಬೆಳಗಾವಿಗಾದರೆ ಧಾರಾಳವಾಗಿ ಟಿಕೆಟ್ ಮಾಡಿಸಿ.