ಸಪ್ಪಳ ಎಲ್ಲಿಂದ ಬರ್ತದ, ಮೊದಲು ಅದನ್ನ ಕೇಳ್ರಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ನಿಂತಿತು. ಅಲ್ಲಿಂದೀಚೆಗೆ ಹಳೆಯ ಡೆಸ್ಕ್‌ಟಾಪ್ ಚೂರು ಸಪ್ಪಳ ಮಾಡಿದರೂ ಸಾಕು, ‘ಇದರ ಆಯುಷ್ಯ ಮುಗೀತು, ಗುಜರಿಗೆ ಹಾಕ್ರಿ’ ಅನ್ನುವವರು ಹೆಚ್ಚಾಗಿದ್ದಾರೆ. ಬೀದರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡಿ ಬದುಕುವ ನಾನು ಇದನ್ನು ಒಪ್ಪುವುದಿಲ್ಲ.

ನಮ್ಮ ಭಾಗದಲ್ಲಿ ಸಪ್ಪಳಕ್ಕೆ ಬಹುಪಾಲು ಧೂಳೇ ಕಾರಣ. ಸಿಪಿಯು ಡಬ್ಬಿಯ ಪಕ್ಕದ ತಗಡು ಬಿಚ್ಚಿದರೆ ಅದು ಯಾವ ಕಡೆಯದೆಂದು ಎಷ್ಟೋ ಸಲ ಗೊತ್ತಾಗಿಬಿಡುತ್ತದೆ: ಬೀದರ್ ಊರಿನದಾದರೆ ಕೆಂಪು ಮಣ್ಣು, ಭಾಲ್ಕಿ, ಔರಾದ್ ಕಡೆಯದಾದರೆ ಎರೆಹೊಲದ ಕಪ್ಪು ಧೂಳು. ಅದು ಫ್ಯಾನಿನ ಬೇರಿಂಗಿಗೆ ಇಳಿದು ಎಣ್ಣೆಯನ್ನು ಹೀರುತ್ತದೆ. ಬೆಳಿಗ್ಗೆ ಹಚ್ಚಿದಾಗ ಗರ್ ಎಂದು, ಬಿಸಿಯಾದ ಮೇಲೆ ತಗ್ಗುವ ಸದ್ದು ಹೆಚ್ಚಾಗಿ ಇದೇ. ಪ್ರೊಸೆಸರ್ ಮೇಲಿನ ಫ್ಯಾನಿನ ನಡುಗುಂಬವನ್ನು ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಒಂದೆರಡು ಸೆಕೆಂಡ್ ಒತ್ತಿ ಹಿಡಿಯಿರಿ. ಸಪ್ಪಳ ನಿಂತರೆ ಕಳ್ಳ ಸಿಕ್ಕ. ನಿಲ್ಲದಿದ್ದರೆ ಹಿಂದಿನ ಎಸ್‌ಎಂಪಿಎಸ್ (ಕರೆಂಟ್ ಪೂರೈಸುವ ಡಬ್ಬಿ) ಕಡೆ ಕಿವಿ ಕೊಡಿ. ಅದನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ.

ಇವೆಲ್ಲ ಅಗ್ಗದ ಕಾಯಿಲೆಗಳು. ನನಗೆ ಅಂಜಿಕೆಯಿರುವುದು ಟಕ್, ಟಕ್, ಟಕ್ ಎಂದು ಲಯ ಹಿಡಿದು ಬರುವ ಸದ್ದಿಗೆ. ಅದು ಹಾರ್ಡ್ ಡಿಸ್ಕಿನದು. ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತಿರುತ್ತದೆ. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಗುರುತು ಸಿಗದೆ ಅದು ಮತ್ತೆ ಮತ್ತೆ ಹಿಂದಕ್ಕೆ ಸರಿದು ಹುಡುಕುವಾಗ ಈ ಸದ್ದು ಬರುತ್ತದೆ. ಆಗ ‘ಫಾರ್ಮ್ಯಾಟ್ ಹೊಡೀರಿ, ಸರಿ ಆಗ್ತದ’ ಎಂಬ ಸಲಹೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಒಡನೆ ಬಂದ್ ಮಾಡಬೇಕು. ಮತ್ತೆ ಹಚ್ಚುವುದಾದರೆ ಒಳಗಿನದನ್ನು ಬೇರೆ ಡಿಸ್ಕಿಗೆ ತೆಗೆಯಲು ಮಾತ್ರ. ಔರಾದ್ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಸಿಪಿಯು ತೊಡೆಯ ಮೇಲಿಟ್ಟುಕೊಂಡು ಬರುವ ಮಾಸ್ತರರಿದ್ದಾರೆ. ಆ ಡಿಸ್ಕಿನಲ್ಲಿ ಮಕ್ಕಳ ಅಂಕಪಟ್ಟಿ, ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ ಪತ್ರಗಳು, ಊರ ಜಾತ್ರೆಯ ಫೋಟೋಗಳು ಇರುತ್ತವೆ. ಡಬ್ಬಿಗೆ ಬೆಲೆ ಕಟ್ಟಬಹುದು, ಅವಕ್ಕೆ ಕಟ್ಟಲಾಗದು. (ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಕೆಡುವ ಮುನ್ನ ಅದು ಸಪ್ಪಳ ಮಾಡುವುದಿಲ್ಲ, ಹಾಗಾಗಿ ಅದಕ್ಕೂ ಪ್ರತಿ ಬೇಕೇ ಬೇಕು.)

ಸರ್ಕಾರಿ ಶಾಲೆ, ಕಚೇರಿಗಳಲ್ಲಿ ನಾನು ಕಂಡ ತೊಡಕು ಬೇರೆಯೇ. ಒಂದು ಸಣ್ಣ ಫ್ಯಾನಿಗೂ ಮೇಲಿನವರ ಮಂಜೂರಾತಿ ಬೇಕು. ಕಡತ ಓಡಾಡುವಷ್ಟರಲ್ಲಿ ಫ್ಯಾನ್ ನಿಂತು, ಕಾವಿಗೆ ಮದರ್‌ಬೋರ್ಡೇ ಸುಟ್ಟಿರುತ್ತದೆ. ಅದಕ್ಕೇ ಶಾಲೆಯವರು ಮೇ ತಿಂಗಳ ರಜೆಯಲ್ಲಿ, ಶಾಲೆ ತೆರೆಯುವ ಮುನ್ನ, ಕಂಪ್ಯೂಟರ್ ಕೋಣೆಯ ಪ್ರತಿ ಡಬ್ಬಿ ಬಿಚ್ಚಿ ಬ್ಲೋವರ್ ಹೊಡೆಸಲಿ. ಗಾಳಿ ಬಿಡುವಾಗ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಖಾತೆಯಲ್ಲಿ ಇದಕ್ಕೆಂದೇ ಒಂದಿಷ್ಟು ಹಣವಿರಲಿ, ಖರ್ಚು ಮಾಡುವ ಅಧಿಕಾರ ಮುಖ್ಯ ಶಿಕ್ಷಕರಿಗೇ ಇರಲಿ. ವಿಂಡೋಸ್ 11 ಹಿಡಿಸದ ಯಂತ್ರಕ್ಕೆ ಲಿನಕ್ಸ್ ಹಾಕಿಕೊಟ್ಟರೆ ಟೈಪಿಂಗ್ ಕಲಿಯುವ ಮಗುವಿಗೆ ಇನ್ನೂ ಕೆಲವು ವರ್ಷ ಸಾಕಾಗುತ್ತದೆ.